ಇಲಿ ಹಿಡಿದವರು ಮಾತಾಡಬಾರದು

ನಾನು ಒಂದು ಮೌಸ್. ಕಂಪ್ಯೂಟರಿನ ಪಕ್ಕದಲ್ಲಿ ಬಾಲ ಚಾಚಿಕೊಂಡು ಕೂರುತ್ತಿದ್ದ ಹಳೆಯ ಕಾಲದ ಮೌಸ್. ಈಗಿನವರ ಹಾಗೆ ಹೊಟ್ಟೆಯಲ್ಲಿ ಕೆಂಪು ದೀಪ ಹಚ್ಚಿಕೊಂಡು ಮೆರೆಯುವವನಲ್ಲ. ನನ್ನ ಹೊಟ್ಟೆಯಲ್ಲಿದ್ದದ್ದು ರಬ್ಬರು ಹೊದಿಸಿದ ಒಂದು ಗುಂಡು. ಅದು ಉರುಳಿದರೆ ನನಗೆ ಜೀವ, ಇಲ್ಲದಿದ್ದರೆ ನಾನೊಂದು ಖಾಲಿ ಡಬ್ಬಿ.

ಹುಟ್ಟಿದ್ದು ಯಾವುದೋ ದೊಡ್ಡ ಕಾರ್ಖಾನೆಯಲ್ಲಿ. ಉದ್ದನೆಯ ಪಟ್ಟಿಯ ಮೇಲೆ ನನ್ನಂಥವರೆಲ್ಲ ಅಂಗಾತ ಮಲಗಿ ಸಾಗುತ್ತಿದ್ದೆವು. ಕೊನೆಯಲ್ಲಿ ಒಬ್ಬ ಹೆಂಗಸು ಕುಳಿತು ಒಬ್ಬೊಬ್ಬರ ಹೊಟ್ಟೆಗೂ ಗುಂಡು ಹಾಕಿ ಮುಚ್ಚಳ ತಿರುಗಿಸುತ್ತಿದ್ದಳು. ನಾನು ಕಂಡ ಮೊದಲ ಅಂಗೈ ಅವಳದು. ಅಲ್ಲಿಂದ ಮುಂದೆ ಮನುಷ್ಯರನ್ನು ನಾನು ನೋಡಿದ್ದೆಲ್ಲ ಕೆಳಗಿನಿಂದಲೇ. ಮುಖ ನೋಡಿ ಮೋಸಹೋಗುವ ಅಭ್ಯಾಸ ನನಗಿಲ್ಲ. ಒಮ್ಮೆ ಅಂಗೈ ಇಟ್ಟರೆ ಸಾಕು, ಆಸಾಮಿ ಎಂಥವರು ಎಂದು ಹೇಳಬಲ್ಲೆ.

ನಾನು ಬಂದು ಸೇರಿದ್ದು ಬೆಟಗೇರಿಯ ನೇಕಾರರ ಓಣಿಯ ಒಂದು ಸರಕಾರಿ ಕಿರಿಯ ಪ್ರಾಥಮಿಕ ಶಾಲೆಗೆ. ಸುತ್ತಲಿನ ಮನೆಗಳಿಂದ ಮಗ್ಗದ ಸದ್ದು ದಿನವಿಡೀ ಕೇಳುತ್ತಿತ್ತು. ಹೆಡ್‌ಮಾಸ್ತರರಾದ ಮುಳಗುಂದ ಸರ್ ಕಂಪ್ಯೂಟರನ್ನೂ ನನ್ನನ್ನೂ ತಮ್ಮ ಕೋಣೆಯಲ್ಲೇ ಕೂರಿಸಿಕೊಂಡರು. ಮನೆಯ ಹಳೇ ಪರದೆ ತಂದು ಕಂಪ್ಯೂಟರಿಗೆ ಗವಸು ಹೊಲಿಸಿದರು, ಕೋಣೆಗೆ ಬೀಗ ಹಾಕಿದರು, ಕೀಲಿಯನ್ನು ಜೇಬಿಗಿಳಿಸಿದರು. ಗವಸು ತೆಗೆಯುತ್ತಿದ್ದದ್ದು ಮಹಾನವಮಿಯ ಆಯುಧಪೂಜೆಗೆ ಮಾತ್ರ. ಅಂದು ನನ್ನ ನೆತ್ತಿಗೆ ವಿಭೂತಿ, ಕುಂಕುಮ, ಮೇಲೊಂದು ಚೆಂಡುಹೂ. ಕುಂಕುಮ ಗುಂಡಿಗಳ ಸಂದಿನಿಂದ ಒಳಗಿಳಿದು ನನ್ನ ಗುಂಡಿನ ಮೈಯೆಲ್ಲ ಕೆಂಪು ಮಾಡಿತು. ಮಕ್ಕಳು ಕಿಟಕಿಯ ಸರಳಿಗೆ ಮೂಗು ಒತ್ತಿಕೊಂಡು ನನಗೆ ಕೈಮುಗಿದರು. ನನಗೆ ನಗು ಬರುತ್ತಿತ್ತು, ಬೇಸರವೂ ಆಗುತ್ತಿತ್ತು. ಕೈಮುಗಿಸಿಕೊಳ್ಳಲಿಕ್ಕೆ ನಾನೇನು ದೇವರೇ? ಕೈಯೊಳಗೆ ಕೂರಲು ಹುಟ್ಟಿದವನು.

ಹೀಗಿರುವಾಗ ವಿಮಲಾ ಅಕ್ಕೋರು ವರ್ಗವಾಗಿ ಬಂದರು. ಆ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಮಕ್ಕಳು ಅಕ್ಕೋರು ಎನ್ನುತ್ತಾರೆ. ಬಂದ ವಾರದಲ್ಲೇ ಅವರು ಗವಸಿನ ಅಂಚು ಎತ್ತಿ ನೋಡಿದರು.

"ಸರ, ಇದನ್ನ ನಾಕನೇ ಇಯತ್ತೆ ಮಕ್ಕಳಿಗೆ ಕೊಡೂಣ್ರಿ."

"ಹುಡುಗೂರ ಕೈಯಾಗ? ಕೆಟ್ಟರ ಯಾರು ಹೊಣಿ, ಅಕ್ಕೋರ?"

"ನಾನ ಹೊಣಿರಿ. ಹಿಂಗ ಮುಚ್ಚಿಟ್ಟರ ಕುಂತಲ್ಲೇ ಕೆಡತೈತಿ."

ಮುಳಗುಂದ ಸರ್ ಒಲ್ಲದ ಮನಸ್ಸಿನಿಂದ ಒಪ್ಪಿದರು. ನಾವು ನಾಲ್ಕನೇ ತರಗತಿಯ ಮೂಲೆಗೆ ಬಂದೆವು. ಕಂಪ್ಯೂಟರು ಒಂದು, ಮಕ್ಕಳು ಕೋಣೆ ತುಂಬ. ಅಕ್ಕೋರು ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿದರು. ಒಂದು ಗುಂಪು ನನ್ನ ಮುಂದಿನ ಬೆಂಚಿನ ಮೇಲೆ, ಉಳಿದವರು ನೆಲದ ಮೇಲೆ ಪಾಟಿ, ಕಡ್ಡಿ, ಚಿತ್ರದ ಕಾರ್ಡು ಹಿಡಿದುಕೊಂಡು. ಪರದೆಯ ಮೇಲೆ ಗಿಡಗಳು, ಗೂಡುಗಳು, ಹಕ್ಕಿಗಳು. ಯಾವ ಹಕ್ಕಿ ಯಾವ ಗೂಡಿಗೆ ಎಂದು ನಾಲ್ವರೂ ಮಾತಾಡಿಕೊಂಡು ನನ್ನಿಂದ ಹಕ್ಕಿಯನ್ನು ಎಳೆದೊಯ್ಯಬೇಕು. ಸರಿಯಾದರೆ ಕಂಪ್ಯೂಟರು ಚಪ್ಪಾಳೆ ತಟ್ಟುತ್ತಿತ್ತು, ತಪ್ಪಿದರೆ ಗೊರ್ರ್ ಅನ್ನುತ್ತಿತ್ತು. ಮಕ್ಕಳು ನನ್ನನ್ನು ಇಲಿ ಎಂದು ಕರೆದರು. ಬಾಲ ಇದೆಯಲ್ಲ, ನಾನೂ ತಕರಾರು ಮಾಡಲಿಲ್ಲ.

ಒಂದು ಗುಂಪಿನಲ್ಲಿ ಈರಣ್ಣ, ಹನುಮಂತ, ಶಾಹೀನಾ, ಕಸ್ತೂರಿ ಇದ್ದರು. ಈರಣ್ಣನ ಮಾವನದು ಝೆರಾಕ್ಸ್ ಅಂಗಡಿ. ಕಂಪ್ಯೂಟರ್ ಮುಟ್ಟಿ ಬಲ್ಲವನು ಅವನೊಬ್ಬನೇ. ಬೆಂಚಿಗೆ ಬಂದ ಕೂಡಲೇ ಅವನ ಬಿಸಿ ಅಂಗೈ ನನ್ನ ಮೇಲೆ ಕೂತರೆ ಪಾಠ ಮುಗಿಯುವ ತನಕ ಏಳುತ್ತಿರಲಿಲ್ಲ. ಕೆಟ್ಟ ಹುಡುಗನಲ್ಲ, ಅವನಿಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ, ಅಷ್ಟೆ. ಹನುಮಂತ, ಶಾಹೀನಾ ಆಗಾಗ ಜಗಳಾಡಿ ಒಂದಿಷ್ಟು ಹೊತ್ತು ನನ್ನನ್ನು ಗಿಟ್ಟಿಸಿಕೊಳ್ಳುತ್ತಿದ್ದರು. ಬೆಂಚಿನ ತುದಿಯಲ್ಲಿ ಕೂತ ಕಸ್ತೂರಿ ಮಾತ್ರ ಕೇಳುತ್ತಲೂ ಇರಲಿಲ್ಲ. ಅವಳ ಅಂಗೈ ಹೇಗಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಚಪ್ಪಾಳೆಯ ಸದ್ದು ಕೇಳಿ, ನೆಲದ ಮೇಲಿನ ಗುಂಪುಗಳಲ್ಲಿ ಮುಳುಗಿದ್ದ ಅಕ್ಕೋರು, "ಶಾಬಾಸ್, ನಾಕೂ ಮಂದಿ ಕೂಡಿ ಮಾಡಾಕತ್ತೀರಿ" ಎನ್ನುತ್ತಿದ್ದರು. ಎಲ್ಲಿಯ ನಾಲ್ಕು ಮಂದಿ? ನನಗೆ ಬಾಯಿ ಇದ್ದಿದ್ದರೆ ಹೇಳಿಬಿಡುತ್ತಿದ್ದೆ.

ಒಂದು ದಿನ ನಾನು ತೊಡರಿ ತೊಡರಿ ನಡೆದೆ. ಆ ಹಾಳು ಕುಂಕುಮ ಹೊಟ್ಟೆಯೊಳಗಿನ ಗುಂಡಿಗೆ ಮೆತ್ತಿತ್ತು. ಈರಣ್ಣ ನನ್ನನ್ನು ಮಗುಚಿ, ಮುಚ್ಚಳ ತಿರುಗಿಸಿ, ಗುಂಡು ತೆಗೆದು ತೋರಿಸಿದ. ನಾಲ್ವರೂ ಬಗ್ಗಿ ನೋಡಿದರು.

ಅಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಒಂದು ಕೈ ಬಂತು. ಪುಟ್ಟದು, ತಣ್ಣಗಿತ್ತು, ನೂಲಿನ ಗಂಜಿಯ ವಾಸನೆ ಬರುತ್ತಿತ್ತು. ಕಸ್ತೂರಿ! ಕೊನೆಗೂ ಬಂದಳಲ್ಲ ಎಂದು ನಾನು ಹಿಗ್ಗಿದೆ. ಅವಳು ನನ್ನನ್ನು ಮಗುಚಿದಳು, ಗುಂಡನ್ನು ಹಿರಿದುಕೊಂಡಳು, ಓಡಿಹೋದಳು. ಮೊದಲ ಬಾರಿ ಮುಟ್ಟಿದ ಕೈ ನನ್ನ ಹೊಟ್ಟೆಯನ್ನೇ ಬರಿದು ಮಾಡಿತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಸುದ್ದಿ ತಿಳಿದ ಮುಳಗುಂದ ಸರ್ ಕೀಲಿ ಕೈಯಲ್ಲಿ ಹಿಡಿದೇ ಬಂದರು. "ಶನಿವಾರದೊಳಗ ಗುಂಡು ಬರಬೇಕು, ತಗೊಂಡವರ ಹೆಸರೂ ಬರಬೇಕು. ಇಲ್ಲಾಂದ್ರ ಕಂಪ್ಯೂಟರ್ ಮತ್ತ ನನ್ನ ಕೋಣಿಗೆ. ಇನ್ನ ಮ್ಯಾಲೆ ಹುಡುಗೂರ ಕೈಗೆ ಸಿಗೂದಿಲ್ಲ."

ತರಗತಿಯ ಕಣ್ಣೆಲ್ಲ ಹನುಮಂತನ ಮೇಲೆ ಬಿತ್ತು. ಓಣಿಯಲ್ಲಿ ಗೋಲಿಯಾಟಕ್ಕೆ ಅವನನ್ನು ಬಿಟ್ಟರಿಲ್ಲ. ಸರ್ ಅವನ ಚಡ್ಡಿಯ ಜೇಬು ಬರಿದು ಮಾಡಿಸಿದರು. ಗಾಜಿನ ಗೋಲಿಗಳು ಟಣಟಣ ಉದುರಿದವು, ನನ್ನ ಗುಂಡು ಇರಲಿಲ್ಲ. "ನಾ ಅಲ್ಲರಿ ಸರ" ಎಂದು ಹುಡುಗ ಅಳುತ್ತಲೇ ಇದ್ದ. ಗೋಲಿ ಹೆಕ್ಕಿಕೊಳ್ಳಲು ಯಾರೂ ಬಗ್ಗಲಿಲ್ಲ.

ಅಕ್ಕೋರು ಅಂದು ಯಾರನ್ನೂ ಬೈಯಲಿಲ್ಲ. ನನ್ನನ್ನು ಮೇಜಿನ ಮೇಲಿಟ್ಟು, "ಒಬ್ಬೊಬ್ಬರ ಬಂದು ಇದನ್ನ ಹೆಂಗ ಹಿಡೀತೀರಿ ತೋರಸ್ರಿ" ಎಂದರು. ಈರಣ್ಣ ಹಿಡಿದ, ಶಾಹೀನಾ ಹಿಡಿದಳು, ಕಣ್ಣೊರೆಸಿಕೊಳ್ಳುತ್ತ ಹನುಮಂತನೂ ಹಿಡಿದ. ಕಸ್ತೂರಿ ನನ್ನನ್ನು ಹಿಂದುಮುಂದಾಗಿ ಹಿಡಿದಳು. ನನ್ನ ಬಾಲ ಅವಳ ಮುಂಗೈಗೆ ಸುತ್ತಿಕೊಂಡಿತು. ಕೆಲವರು ನಕ್ಕರು. ಅಕ್ಕೋರು ನಗಲಿಲ್ಲ. ಅವಳ ಮುಂಗೈಯಿಂದ ಬಾಲ ಬಿಡಿಸುತ್ತ, "ಇಷ್ಟ ದಿನ ಆತು, ನಿನ್ನ ಕೈಗೆ ಇದು ಒಮ್ಮೆನೂ ಬಂದಿಲ್ಲ. ನಾ ನೋಡಲೇ ಇಲ್ಲ ನೋಡವ್ವಾ" ಎಂದರು.

ಮರುದಿನ ಅವರು ಸೀಮೆಸುಣ್ಣದಿಂದ ನೆಲದ ಮೇಲೆ ಮಂಚದಗಲ ಪರದೆ ಬರೆದರು. ಅದೇ ಗಿಡ, ಅದೇ ಗೂಡು, ಅದೇ ಹಕ್ಕಿ. ನನ್ನ ಬಾಲವನ್ನು ಕಂಪ್ಯೂಟರಿನಿಂದ ಬಿಡಿಸಿ ನನ್ನನ್ನು ಅದರ ನಡುವೆ ಇಟ್ಟರು. "ಗುಂಡು ಇಲ್ಲಂದ್ರ ಏನಾತು? ಇವತ್ತಿಂದ ಹೊಸ ಆಟ. ಇಲಿ ಹಿಡಿದವರು ಮಾತಾಡೂ ಹಂಗಿಲ್ಲ. ಮಾತಾಡವ್ರು ಇಲಿ ಮುಟ್ಟೂ ಹಂಗಿಲ್ಲ. ಉಳಿದ ಮೂರು ಮಂದಿ ಮೊದಲ ತಮ್ಮೊಳಗ ಒಪ್ಪಬೇಕು, ಆಮ್ಯಾಲೆ ಹೇಳಬೇಕು. ಹೇಳಿದಲ್ಲಿಗೇ ಇಲಿ ಹೋಗಬೇಕು. ಪಾಳಿ ಎಲ್ಲಾರಿಗೂ ಬರತೈತಿ."

ಈ ಆಟ ಈರಣ್ಣನಿಗೆ ಬಲು ಕಷ್ಟವಾಯಿತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವಾಗ ಅವನ ಅಂಗೈ ನನ್ನ ಬೆನ್ನ ಮೇಲೆ ಬೆವರಿ ನೀರಾಗುತ್ತಿತ್ತು. ನನಗೆ ಒಳಗೊಳಗೇ ಖುಷಿ.

ಶನಿವಾರ ಬಂತು. ಮುಳಗುಂದ ಸರ್ ಕೀಲಿ ತಿರುಗಿಸುತ್ತ ಬಾಗಿಲಲ್ಲಿ ನಿಂತಿದ್ದರು. ನೆಲದ ಪರದೆಯ ಸುತ್ತ ಆ ನಾಲ್ವರು. ಪಾಳಿ ಕಸ್ತೂರಿಯದು. ಅವಳು ನನ್ನನ್ನು ಎತ್ತಿಕೊಂಡು ಲಂಗದ ಮಡಿಲಲ್ಲಿ ಮಗುಚಿದಳು. ಮುಚ್ಚಳ ತಿರುಗಿತು. ನನ್ನ ಗುಂಡು ಒಳಗೆ ಬಂದು ಕೂತಿತು! ಬೆಚ್ಚಗಿತ್ತು, ಕುಂಕುಮದ ಒಂದು ಕಣವೂ ಇರಲಿಲ್ಲ. ಎಲ್ಲಿದ್ದೆಯಪ್ಪಾ ಎಂದೆ. ಆ ಹುಡುಗಿ ತನ್ನನ್ನು ತೊಳೆದು, ಮಗ್ಗದ ಪಕ್ಕದ ನೆಲದ ಮೇಲೆ ಅಂಗೈಯಡಿ ಇಟ್ಟುಕೊಂಡು ಅತ್ತ ಇತ್ತ ಉರುಳಿಸುತ್ತ, ಗೋಡೆಯನ್ನೇ ಪರದೆ ಮಾಡಿಕೊಂಡು ಹಕ್ಕಿ ಹುಡುಕುತ್ತಿದ್ದಳು ಎಂದು ಗುಂಡು ಹೇಳಿತು. ನನ್ನ ಸಿಟ್ಟು ಅಲ್ಲಿಗೇ ಇಳಿದುಹೋಯಿತು.

ಪಕ್ಕದಲ್ಲೇ ಕೂತಿದ್ದ ಹನುಮಂತ ಎಲ್ಲವನ್ನೂ ನೋಡಿದ. ಎಲ್ಲರೆದುರು ಜೇಬು ಬರಿದು ಮಾಡಿದವನು ಅವನು. ಅವನಿಗೆ ಬಾಯಿ ತೆರೆಯುವ ಹಕ್ಕೂ ಇತ್ತು, ತೆರೆದ ಕೂಡ. ಕಸ್ತೂರಿ ನನ್ನನ್ನು ನೆಲಕ್ಕಿಟ್ಟು ಅಂಗೈಯಿಂದ ಮುಚ್ಚಿಕೊಂಡಳು. ಅವನು ಆ ಕೈಯನ್ನು ನೋಡಿ, "ಕೆಳಗ ತಗೋ, ಗೀಜಗನ ಗೂಡಿಗೆ" ಎಂದು ಮೂವರೂ ಒಪ್ಪಿದ್ದನ್ನಷ್ಟೇ ಹೇಳಿದ.

ನಾನು ಹೊರಟೆ. ಗಡಗಡ ಗಡಗಡ. ಖಾಲಿ ಡಬ್ಬಿಗೆ ಆ ಸದ್ದು ಇರುವುದಿಲ್ಲ. ಸರ್ ಒಳಗೆ ಬಂದರು.

"ಗುಂಡು ಎಲ್ಲಿಂದ ಬಂತು? ಏ ಕಸ್ತೂರಿ, ನಿನ್ನ ಕೇಳಾಕತ್ತೇನಿ."

ಕಸ್ತೂರಿ ತುಟಿ ಬಿಗಿಹಿಡಿದು ಅಕ್ಕೋರ ಕಡೆ ನೋಡಿದಳು.

"ಸರ, ಇಲಿ ಆಕಿ ಕೈಯಾಗ ಐತ್ರಿ" ಎಂದರು ಅಕ್ಕೋರು, "ಹಿಡಿದವರು ಮಾತಾಡೂ ಹಂಗಿಲ್ಲರಿ. ಪಾಳಿ ಮುಗೀಲಿ."

ಆಶ್ಚರ್ಯವೆಂದರೆ, ಸರ್ ಕಾದರು. ಕಸ್ತೂರಿ ನನ್ನನ್ನು ಮೆಲ್ಲಗೆ ಗೀಜಗನ ಗೂಡಿಗೆ ಮುಟ್ಟಿಸಿ ಈರಣ್ಣನ ಕೈಗೆ ಕೊಟ್ಟಳು. ಈಗ ಅವಳು ಮಾತಾಡಬಹುದಿತ್ತು. ಬಿಡಲೂಬಹುದಿತ್ತು. ತರಗತಿಯಲ್ಲಿ ಅವಳು ಒಂದು ಮಾತು ಪೂರ್ತಿ ಆಡಿದ್ದನ್ನು ನಾನು ಕೇಳಿರಲಿಲ್ಲ.

"ಹನುಮ್ಯಾ ಅಲ್ಲರಿ ಸರ. ನಾ ತಗೊಂಡಿದ್ದೆ."

ನನ್ನ ಕಡೆ ಬೆರಳು ತೋರಿಸಿ, "ನನಗ ಒಮ್ಮೆನೂ ಕೊಟ್ಟಿದ್ದಿಲ್ಲರಿ" ಎಂದಳು.

ಸರ್ ಈರಣ್ಣನಿಂದ ನನ್ನನ್ನು ಇಸಿದುಕೊಂಡು, ಮಗುಚಿ, ಕನ್ನಡಕ ಏರಿಸಿ ನೋಡಿದರು. ಅವರ ಅಂಗೈಯನ್ನು ಅಂದೇ ನಾನು ಸರಿಯಾಗಿ ಅರಿತದ್ದು. ಒರಟಾಗಿತ್ತು, ಕೆಟ್ಟದಾಗಿರಲಿಲ್ಲ. "ಚೊಕ್ಕ ಮಾಡಿ ತಂದಾಳಲ್ಲ" ಎಂದರು. ಹನುಮಂತನ ತಲೆಯ ಮೇಲೆ ಕೈಯಾಡಿಸಿದರು. ಕೀಲಿ ಜೇಬಿಗೆ ಹೋಯಿತು. ಅದಾದ ಮೇಲೆ ಬಂದ ಆಯುಧಪೂಜೆಯಲ್ಲಿ ಅವರು ನನಗೆ ಬರೀ ಹೂ ಇಟ್ಟರು, ಕುಂಕುಮ ಹಚ್ಚಲಿಲ್ಲ.

ಸೋಮವಾರ ನಾನು ಮತ್ತೆ ಕಂಪ್ಯೂಟರಿಗೆ ಸೇರಿದೆ. ಅದೇ ನಿಯಮ. ಈರಣ್ಣನ ಕೈಯಲ್ಲಿ ನಾನು, ಕೋಗಿಲೆಯ ಗೂಡು ಯಾವುದು ಎಂಬ ಪ್ರಶ್ನೆ. ಮಾವಿನಗಿಡದ್ದು ಎಂದು ಕಸ್ತೂರಿ ಹೇಳಿದಳು, ಇನ್ನಿಬ್ಬರೂ ಒಪ್ಪಿದರು. ಕಂಪ್ಯೂಟರು ಗೊರ್ರ್ ಎಂದಿತು. ಯಾರೂ ಅವಳೊಬ್ಬಳನ್ನೇ ನೋಡಲಿಲ್ಲ, ತಪ್ಪು ಮೂವರದೂ ಆಗಿತ್ತಲ್ಲ. ಪಾಳಿ ಮುಗಿದ ಮೇಲೆ ಈರಣ್ಣ, ಕೋಗಿಲೆಗೆ ಸ್ವಂತ ಗೂಡೇ ಇಲ್ಲ, ಅದು ಕಾಗೆಯ ಗೂಡಲ್ಲಿ ಮೊಟ್ಟೆ ಇಡುತ್ತದೆ ಎಂದು ಬಿಡಿಸಿ ಹೇಳಿದ. ಬಾಯಿ ಮುಚ್ಚಿ ಕೂತು ಕೂತು ಅವನಿಗೆ ಹೇಳಿಕೊಡಲು ಬಂದಿತ್ತು.

ಆ ಮಕ್ಕಳು ಬೆಳೆದು ಹೋದರು. ದೀಪದ ಹೊಟ್ಟೆಯ ಮೌಸ್ ಬಂತು. ಅಟ್ಟದ ಮೇಲಿಂದ ಇಳಿದ ನಿಜವಾದ ಇಲಿಯೊಂದು ನನ್ನ ಬಾಲವನ್ನು ಕಡಿದುಹಾಕಿತು. ಬಂಧುಗಳ ಕೈಯಿಂದಲೇ ಇಂಥದ್ದು ಆಗುವುದು. ಹಳೇ ಸಾಮಾನಿನ ಗಾಡಿಗೆ ಹೋಗಬೇಕಿದ್ದ ನನ್ನನ್ನು ಅಕ್ಕೋರು ತಮ್ಮ ಮೇಜಿನ ಡ್ರಾಯರಿಗೆ ಹಾಕಿಕೊಂಡರು. ಕತ್ತಲಲ್ಲಿ ಸೀಮೆಸುಣ್ಣದ ತುಂಡುಗಳ ಜೊತೆ ಮಲಗಿದೆ. ನನ್ನ ಕಾಲ ಮುಗಿಯಿತು ಎಂದುಕೊಂಡೆ.

ಮೊನ್ನೆ ಡ್ರಾಯರು ತೆರೆಯಿತು. ಅಕ್ಕೋರ ಅಂಗೈ ಸುಕ್ಕಾಗಿದೆ, ನಿವೃತ್ತಿ ಹತ್ತಿರ ಬಂದಿದೆಯಂತೆ. ಶಾಲೆಗೆ ಟ್ಯಾಬ್ಲೆಟ್ ಬಂದಿದೆ. ಅದಕ್ಕೆ ನಾನೂ ಬೇಡ, ನನ್ನ ಬಾಲವೂ ಬೇಡ, ಬೆರಳಿದ್ದರೆ ಸಾಕು. ನಾಲ್ಕು ಮಕ್ಕಳು ಒಂದು ಟ್ಯಾಬ್ಲೆಟ್ಟನ್ನು ನಾಲ್ಕೂ ಕಡೆಯಿಂದ ಜಗ್ಗುತ್ತಿದ್ದರು. ಒಬ್ಬಳು ಹಿಂದೆ ನಿಂತು, ಕೈ ಬೆನ್ನಿಗೆ ಕಟ್ಟಿಕೊಂಡು ನೋಡುತ್ತಿದ್ದಳು.

ಅಕ್ಕೋರು ನನ್ನನ್ನು ಅವರ ನಡುವೆ ಇಟ್ಟರು.

"ಇದೇನ್ರೀ ಅಕ್ಕೋರ, ಸೋಪೇನ್ರಿ?" ಎಂದ ಒಬ್ಬ.

"ಇಲಿ. ಇದನ್ನ ಹಿಡಿದವರು ಅಷ್ಟ ಟ್ಯಾಬ್ ಮುಟ್ಟಬೇಕು. ಆದರ ಮಾತಾಡೂ ಹಂಗಿಲ್ಲ. ಉಳಿದವರು ಒಪ್ಪಿ ಹೇಳಬೇಕು." ಅಕ್ಕೋರು ಹಿಂದೆ ನಿಂತಿದ್ದವಳನ್ನು ಕರೆದು ನನ್ನನ್ನು ಅವಳ ಕೈಯಲ್ಲಿಟ್ಟರು. "ಮೊದಲ ನಿನ್ನ ಪಾಳಿ."

ತಂತಿ ಇಲ್ಲ, ನನ್ನನ್ನು ಜೋಡಿಸಿಕೊಳ್ಳುವ ಕಂಪ್ಯೂಟರು ಇಲ್ಲ. ಆದರೂ ನನಗೆ ಕೆಲಸ ಸಿಕ್ಕಿತು. ಇಷ್ಟು ವರ್ಷ ನಾನು ತಂತಿಯಿಂದ ದುಡಿಯುತ್ತೇನೆ ಎಂದುಕೊಂಡಿದ್ದೆ. ದುಡಿಸಿದ್ದು ಆ ಪಾಳಿ ಎಂದು ಈಗ ತಿಳಿಯಿತು.

ಹುಡುಗಿ ನನ್ನನ್ನು ಕಿವಿಯ ಹತ್ತಿರ ತಂದು ಅಲ್ಲಾಡಿಸಿದಳು. ಗಡಗಡ. ಅವಳ ಕಣ್ಣು ಅರಳಿತು, ಏನೋ ಹೇಳಲು ಬಾಯಿ ತೆರೆದಳು. ನಿಯಮ ನೆನಪಾಗಿ ಮುಚ್ಚಿಕೊಂಡಳು.

ಇರಲಿ ಮಗಳೇ. ಹೇಳುವ ಪಾಳಿಯೂ ನಿನಗೆ ಬರುತ್ತದೆ. ಅಲ್ಲಿಯವರೆಗೆ ನಾನು ನಿನ್ನ ಕೈಯಲ್ಲೇ ಇರುತ್ತೇನೆ.