ಚಾಪೆಯ ಎರಡು ತುದಿ

ದೇವರು ಕೊಟ್ಟ ಬೆಳಗುಗಳಲ್ಲಿ ಕೆಲವಕ್ಕೆ ರಕ್ತದ ಬಣ್ಣವಿರುತ್ತದೆ. ಸಮೋವಾದ ನಮ್ಮ ಕಡಲೂರಿನಲ್ಲಿ ಅಂಥದೊಂದು ಬೆಳಗಾದದ್ದು ಸಾಲೋಮೆಯ ಮಗಳು ಲೂಪೆಯ ಮುಟ್ಟು ತಡವಾದ ತಿಂಗಳಲ್ಲಿ.

ಲೂಪೆ ಹೆಂಗಸರ ಉದ್ದದೋಣಿಯಲ್ಲಿ ಹುಟ್ಟು ಹಾಕುವವಳು. ಪಂದ್ಯ ಹತ್ತಿರ ಬಂದಿತ್ತು. ನಸುಕಿನಲ್ಲಿ ಕಡಲಿಗಿಳಿದರೆ ಬಿಸಿಲೇರಿದ ಮೇಲೆ ಮನೆ. ಮೈ ಹಗುರವಿರಲೆಂದು ದಿನದ ಊಟವಾದ ಕೆಸುವಿನ ಗೆಡ್ಡೆಯನ್ನೇ ಬಿಟ್ಟಿದ್ದಳು. ಅದಕ್ಕೂ ಮುಂಚೆ ಡೆಂಗಿ ಜ್ವರ ಬಂದು ಹೋಗಿತ್ತು, ಮೇಲೆ ಚರ್ಚಿನ ಉಪವಾಸದ ವಾರ. ಕೆನ್ನೆ ಒಳಗೆ ಹೋಗಿದ್ದನ್ನು ಯಾರೂ ನೋಡಲಿಲ್ಲ. ನೋಡಿದ್ದು ಬಟ್ಟೆ ಒಣಹಾಕುವ ಹಗ್ಗವನ್ನು.

"ಈ ತಿಂಗಳು ನಿನ್ನ ಬಟ್ಟೆ ಹಗ್ಗದ ಮೇಲೆ ಕಾಣಲೇ ಇಲ್ವಲ್ಲೇ?" ಎಂದಳು ಸಾಲೋಮೆ, ಒಲೆಯ ಕಲ್ಲು ಸರಿಸುತ್ತ.

"ಆಗಿಲ್ಲಮ್ಮ. ಯಾಕೋ ಗೊತ್ತಿಲ್ಲ."

"ಗೊತ್ತಿಲ್ದೆ ಏನು? ದೋಣೀಲಿ ನಗಾರಿ ಬಡಿಯೋ ಆ ಸೆಫೋ ದಿನಾ ಮನೆ ತನಕ ಬರ್ತಾನಲ್ಲ!"

"ದಾರೀಲಿ ನಾಯಿ ಕಾಟ ಅಂತ ಬರ್ತಾನೆ. ಅವನಿಗಿಂತ ಆ ನಾಯಿಗಳೇ ವಾಸಿ, ಬೊಗಳೋದಾದ್ರೂ ಬೊಗಳ್ತವೆ; ಅವನು ನನ್ನ ಹತ್ರ ಬಾಯೇ ಬಿಡಲ್ಲ."

ತಾಯಿ ನಗಲಿಲ್ಲ. ಮನೆಯ ಹಿಂದೆ ತೆಂಗಿನಕಾಯಿ ಸುಲಿಯುತ್ತಿದ್ದ ಅಣ್ಣ ಫಿಲಿಪೋ ಎಲ್ಲ ಕೇಳಿಸಿಕೊಂಡ. ತಂಗಿಯ ಮೇಲೆ ಕೈಯೆತ್ತುವುದು ನಮ್ಮಲ್ಲಿ ಮಹಾಪಾಪ. ಅವನು ಎತ್ತಿದ.

"ಸೆಫೋನಾ? ಹೇಳೇ!"

"ಯಾರೂ ಇಲ್ಲ ಅಣ್ಣ, ದೇವರಾಣೆ!"

ಎರಡನೆಯ ಏಟಿಗೆ ಅವಳು ಒಲೆಯ ಕಲ್ಲಿನ ಮೇಲೆ ಬಿದ್ದು ತುಟಿ ಹರಿಯಿತು. ಅವನು ಕತ್ತಿ ಹಿಡಿದು ದಡಕ್ಕೆ ಓಡಿದ.

ಸೆಫೋ ದೋಣಿ ಉಜ್ಜುತ್ತಿದ್ದ. "ಏನಣ್ಣ, ಕತ್ತಿ ಹಿಡ್ಕೊಂಡು ಮೀನು ಹಿಡಿಯೋಕೆ ಹೊರಟೆಯಾ?" ಎಂದು ನಕ್ಕ. ಆ ನಗು ಮುಗಿಯುವ ಮೊದಲೇ ಕತ್ತಿ ಇಳಿಯಿತು. ಅಡ್ಡ ಹಿಡಿದ ಬಲಗೈಯ ಮೂರು ಬೆರಳು ಮರಳಿಗೆ ಬಿದ್ದವು. ಮುಂದಿನ ಏಟು ಕುತ್ತಿಗೆಗೆ ಬೀಳುವುದರಲ್ಲಿತ್ತು, ಅಷ್ಟರಲ್ಲಿ ದೋಣಿಯ ಹೆಂಗಸರು ಹುಟ್ಟುಗಳಿಂದಲೇ ಬಡಿದು ಫಿಲಿಪೋನನ್ನು ಕೆಡವಿದರು. ಪಕ್ಕೆಲುಬು ಮುರಿದ ಸದ್ದು ಅಲೆಯ ಸದ್ದಿನ ನಡುವೆಯೂ ಕೇಳಿಸಿತು. ಮಧ್ಯಾಹ್ನದೊಳಗೆ ಸೆಫೋನ ಕಡೆಯವರು ಸಾಲೋಮೆಯ ಹಂದಿಗಳನ್ನು ಕಡಿದು, ಅಡುಗೆಮನೆಗೆ ಬೆಂಕಿಯಿಟ್ಟರು.

ಆಸ್ಪತ್ರೆಯಲ್ಲಿ ನರ್ಸಮ್ಮ ಲೂಪೆಯ ತುಟಿಗೆ ಹೊಲಿಗೆ ಹಾಕಿ, ಮೂತ್ರ ಪರೀಕ್ಷೆಯನ್ನೂ ಮಾಡಿ ಹೊರಬಂದರು.

"ಬಸುರಿ ಅಲ್ಲ ಸಾಲೋಮೆ. ಮೈ ಇಳಿದಿದೆ, ಹೊಟ್ಟೆಗಿಲ್ಲ, ಜ್ವರ ಬಂದು ಹೋಗಿದೆ, ಅಷ್ಟು ಹೊತ್ತು ಹುಟ್ಟು ಬೇರೆ ಹಾಕ್ತಾಳೆ. ಇದರಲ್ಲಿ ಒಂದಿದ್ರೂ ಮುಟ್ಟು ತಡ ಆಗ್ಬಹುದು. ಮನಸ್ಸಿಗೆ ಚಿಂತೆ ಹತ್ತಿದ್ರೂ ಆಗುತ್ತೆ. ಕೇಳೋಕೆ ನನ್ನ ಹತ್ರ ಬರಬಾರದಿತ್ತಾ?"

ಸಾಲೋಮೆ ಹೋಗಿ, ಪಕ್ಕೆಗೆ ಪಟ್ಟಿ ಸುತ್ತಿಸಿಕೊಂಡು ಮಲಗಿದ್ದ ಫಿಲಿಪೋಗೆ ಆ ಮಾತನ್ನು ಹೇಳಿದಳು.

ಸೆಫೋ ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನ ನಸುಕಿನಲ್ಲಿ ಫಿಲಿಪೋ ಅವರ ಅಂಗಳದಲ್ಲಿ ಮಂಡಿಯೂರಿ, ತನ್ನ ಮನೆತನದ ನಯವಾದ ಚಾಪೆಯನ್ನು ತಲೆಯ ಮೇಲೆ ಹೊದ್ದುಕೊಂಡ. ತಪ್ಪೊಪ್ಪಿಕೊಳ್ಳುವುದು ನಮ್ಮಲ್ಲಿ ಹೀಗೆ: ಆ ಮನೆಯವರು ಚಾಪೆ ತೆಗೆದರೆ ಕ್ಷಮೆ. ತೆಗೆಯದಿದ್ದರೆ ಕಲ್ಲು ಬೀಳಲಿ, ಕೊಡಲಿ ಬೀಳಲಿ, ಅಲುಗುವ ಹಾಗಿಲ್ಲ. ಲೂಪೆ ಮಂಡಿಯೂರದೆ ಪಕ್ಕದಲ್ಲಿ ನಿಂತಿದ್ದಳು.

ಸೆಫೋನ ತಂದೆ ತುಯಿ ಕೊಡಲಿ ಹಿಡಿದು ಬಂದ. "ನನ್ನ ಮಗನ ಬೆರಳು ತಂದ್ಕೊಡೋ, ಬಿಡ್ತೀನಿ!" ಕೊಡಲಿ ಚಾಪೆಯ ಅಂಚನ್ನು ಸೀಳಿ ನೆಲಕ್ಕೆ ನಾಟಿತು. ಚಾಪೆಯೊಳಗಿನಿಂದ ಪ್ರಾರ್ಥನೆಯ ಪಿಸುದನಿಯಷ್ಟೇ ಬರುತ್ತಿತ್ತು. ತುಯಿ ಮತ್ತೆ ಎತ್ತಿದ.

"ಅಪ್ಪ, ನಿಲ್ಲು." ಬ್ಯಾಂಡೇಜಿನ ಕೈ ಎದೆಗೊತ್ತಿ ಸೆಫೋ ಹೊರಬಂದ. "ಲೂಪೆ, ನಿನಗೂ ಹೊಡೆದಿದ್ದಾನೆ. ನೀನು ಹೇಳು."

ಅವಳು ತುಟಿಯ ಹೊಲಿಗೆ ಮುಟ್ಟಿಕೊಂಡಳು. "ದೇವರಾಣೆ ಅಂದ್ರೂ ನಂಬಲಿಲ್ಲ ಇವನು," ಎಂದಳು. ಆಮೇಲೆ, "ಇವನು ಸತ್ರೆ ನಾನು ಯಾರನ್ನ ಬಯ್ಯಲಿ? ಬಯ್ಯೋದು ತುಂಬಾ ಇದೆ."

ಸೆಫೋ ಎಡಗೈಯಿಂದ ಚಾಪೆಯ ಒಂದು ತುದಿ ಹಿಡಿದ. ಒಂದೇ ಕೈಗೆ ಅದು ಏಳಲಿಲ್ಲ. ಲೂಪೆ ಹೋಗಿ ಇನ್ನೊಂದು ತುದಿ ಹಿಡಿದಳು. ಬೆಳಕು ಬಿದ್ದರೂ ಫಿಲಿಪೋ ಕಣ್ಣು ಮುಚ್ಚಿಕೊಂಡು ಕೊಡಲಿಗಾಗಿ ಕಾಯುತ್ತಲೇ ಇದ್ದ.

ಕೆಲವು ದಿನಗಳ ಮೇಲೆ ಹಗ್ಗದ ಮೇಲೆ ಲೂಪೆಯ ಮುಟ್ಟಿನ ಬಟ್ಟೆ ಒಣಗುತ್ತಿತ್ತು. ಸಾಲೋಮೆ ಆ ಕಡೆ ಕಣ್ಣೆತ್ತದೆ ಮಗಳ ಮುಂದೆ ಗೆಡ್ಡೆಯ ತಟ್ಟೆ ಇಟ್ಟಳು.