ಸಿಡುಬಿನ ಕಲೆ ಅಳಿಸಿದ ಪಟ

ಹೆಣ್ಣು ನೋಡಲು ಬರುವವರು ಮೊದಲು ಫೋಟೋ ಕಳಿಸಿ ಎಂದು ಕೇಳುವ ಹೊಸ ಚಾಳಿ ನಮ್ಮ ಸೀಮೆಗೆ ಬಂದ ಕಾಲ ಅದು. ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಹಾನಗಲ್ಲಿನಿಂದ ಹಿರೇಕೆರೂರಿನ ತನಕ ಹೆಣ್ಣುಮಕ್ಕಳಿದ್ದ ಮನೆಯವರಿಗೆಲ್ಲ ಒಂದೇ ಫಜೀತಿ. ಫೋಟೋದಲ್ಲಿ ಮಗಳು ಚಂದ ಕಾಣಬೇಕು, ಮಗಳ ಹಾಗೆಯೂ ಕಾಣಬೇಕು. ಇಂಥವರೆಲ್ಲ ಸವಣೂರಿನ ಪೇಟೆಗೆ, ದಸ್ತಗೀರಸಾಬನ ಫೋಟೋ ಅಂಗಡಿಗೆ ಬರುತ್ತಿದ್ದರು.

ದಸ್ತಗೀರಸಾಬ ಒಳ್ಳೆಯ ಮನುಷ್ಯ. ಆ ಒಳ್ಳೆಯತನ ಕೊಂಚ ಹೆಚ್ಚೇ ಆಗಿತ್ತು ಅನ್ನಬೇಕು. ಕೋಟಿಲ್ಲದೆ ಬಂದವನಿಗೆ ಅಂಗಡಿಯ ಕೋಟು ತೊಡಿಸುವನು, ಬಿಕ್ಕಿ ಅಳುವ ಕೂಸಿಗೆ ಗಿಲಕಿ ಆಡಿಸುವನು. ಫೋಟೋ ತೆಗೆದ ಮೇಲೆ ಗಾಜಿನ ನೆಗೆಟಿವ್ ಬೆಳಕಿಗೆ ಹಿಡಿದು, ಚೂಪು ಪೆನ್ಸಿಲಿನಿಂದ ಮುಖದ ಸುಕ್ಕು, ಮಚ್ಚೆ, ಕಲೆಗಳನ್ನೆಲ್ಲ ಮುಚ್ಚಿಬಿಡುವನು. ಹೀಗೆ ಮಾಡೆಂದು ಯಾರೂ ಹೇಳುತ್ತಿರಲಿಲ್ಲ. ಅದು ಗಿರಾಕಿಗೆ ತನ್ನ ಕಡೆಯ ಉಡುಗೊರೆ ಎಂದು ಅವನೇ ತಿಳಿದುಕೊಂಡಿದ್ದ.

ಪಕ್ಕದ ಮನೆಯ ಚನ್ನವೀರಪ್ಪ ಶಿಗ್ಗಾವಿಯ ಕಚೇರಿ ಮುಂದೆ ಕುಳಿತು ಮಂದಿಗೆ ಅರ್ಜಿ ಬರೆದುಕೊಡುವವನು. ಸಂಜೆ ಬಸ್ಸಿಳಿದು ಬಂದರೆ ಚಹಾ ಕುಡಿಯುವುದು ದಸ್ತಗೀರಸಾಬನ ಅಂಗಡಿಯಲ್ಲೇ. ಗಿರಾಕಿಗೆ ಏನು ಮಾಡಿಕೊಡುತ್ತೀ, ಏನು ಮಾಡುವುದಿಲ್ಲ, ಅದನ್ನು ಮೊದಲೇ ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ ಎಂದು ಅವನು ಹೇಳಿ ಹೇಳಿ ಸೋತಿದ್ದ. ದಸ್ತಗೀರಸಾಬ ನಗುತ್ತಿದ್ದ.

"ಇದು ಫೋಟೋ ಅಂಗಡಿ ಐತೋ ಮಾರಾಯ, ಕಚೇರಿ ಅಲ್ಲ. ನಕ್ಕೋತ ಬಂದಾವರಿಗೆ ಸಹಿ ಹಾಕ್ರಿ ಅಂದ್ರ ಮಾರಿ ಮ್ಯಾಲಿನ ನಗೂನ ಹೋಗಿಬಿಡ್ತೈತಿ. ಆಮ್ಯಾಲ ನಾ ಯಾರ ಫೋಟೋ ತಗೀಲಿ?"

ಹೀಗಿರುವಾಗ ಹತ್ತಿಮತ್ತೂರಿನ ರೈತ ಲಕ್ಷ್ಮಪ್ಪ ಮಗಳು ಕರೆವ್ವನನ್ನು ಕರೆದುಕೊಂಡು ಬಂದ. ರಟ್ಟೀಹಳ್ಳಿಯಿಂದ ಒಂದು ಒಳ್ಳೆಯ ಸಂಬಂಧ ಬಂದಿತ್ತು, ಅವರು ಫೋಟೋ ಕೇಳಿದ್ದರು. ಕರೆವ್ವನಿಗೆ ಸಣ್ಣವಳಿದ್ದಾಗ ಸಿಡುಬು ಆಗಿತ್ತು. ಎರಡೂ ಗಲ್ಲದ ಮೇಲೆ ಅದರ ಕಲೆ ಉಳಿದಿತ್ತು. ಹುಡುಗಿ ಮಾತ್ರ ಯಾವ ಅಳುಕೂ ಇಲ್ಲದೆ ಕುರ್ಚಿಯ ಮೇಲೆ ನೆಟ್ಟಗೆ ಕುಳಿತು, ಹೇಳುವ ಮೊದಲೇ ನಕ್ಕಳು. ದಸ್ತಗೀರಸಾಬನಿಗೆ ಕರುಳು ಚುರ್ ಅಂದಿತು. ಇಡೀ ಮಧ್ಯಾಹ್ನ ಕುಳಿತು ಒಂದೊಂದು ಕಲೆಯನ್ನೂ ಪೆನ್ಸಿಲಿನಿಂದ ಮುಚ್ಚಿದ. ಫೋಟೋ ಒಯ್ಯಲು ಬಂದ ಲಕ್ಷ್ಮಪ್ಪ ಅದನ್ನು ನೋಡಿದ, ಇನ್ನೊಮ್ಮೆ ನೋಡಿದ, ಏನೂ ಅನ್ನದೆ ವಸ್ತ್ರದಲ್ಲಿ ಸುತ್ತಿಕೊಂಡು ಹೋದ.

ರಟ್ಟೀಹಳ್ಳಿಯ ಉಳಿವೆಪ್ಪ ಮಗನೊಂದಿಗೆ ಹೆಣ್ಣು ನೋಡಲು ಬಂದಾಗ ಬಣ್ಣ ಬಯಲಾಯಿತು. ಮುಂದಿಟ್ಟ ಅವಲಕ್ಕಿಯನ್ನು ಉಳಿವೆಪ್ಪ ಮುಟ್ಟಲಿಲ್ಲ. ಮರುದಿನ ಅವನು ಲಕ್ಷ್ಮಪ್ಪನನ್ನು ಜೊತೆಗೆ ಹೊರಡಿಸಿಕೊಂಡು ಸವಣೂರಿನ ಅಂಗಡಿಗೇ ಬಂದು ನಿಂತ. ಫೋಟೋದಲ್ಲಿ ಒಬ್ಬಳನ್ನು ತೋರಿಸಿ ಮನೆಯಲ್ಲಿ ಇನ್ನೊಬ್ಬಳನ್ನು ಕೂರಿಸಿದ್ದಾರೆ, ಇದನ್ನು ಬೀಗರು ಬಿಜ್ಜರಿಗೆಲ್ಲ ಹೇಳಿಯೇ ತೀರುತ್ತೇನೆ ಎಂದು ಕೂಗಾಡಿದ. ತಾನು ಏನನ್ನೂ ಅಳಿಸಲು ಹೇಳಿಲ್ಲ ಎಂದು ಲಕ್ಷ್ಮಪ್ಪ ಆಣೆ ಮಾಡಿದ. ಪೇಟೆಯ ಮಂದಿ ಬಾಗಿಲಲ್ಲಿ ಸೇರಿದರು. ಈ ಮಾತು ಊರೂರಿಗೆ ಹಬ್ಬಿದರೆ ಕರೆವ್ವನನ್ನು ಕೇಳಿಕೊಂಡು ಮತ್ತೆ ಯಾರೂ ಬರುತ್ತಿರಲಿಲ್ಲ. ಅದನ್ನು ನೆನೆದು ದಸ್ತಗೀರಸಾಬ ಮುಂದೆ ಬಂದ.

"ಇದು ನನ್ನ ಕೆಲಸರಿ. ಅವರು ಹೇಳಿಲ್ಲ, ನಾನ ಮಾಡೇನಿ" ಎಂದ.

"ನಿಮ್ಮ ಗಿರಾಕಿ ಪರ ನೀವು ಹೇಳಾವ್ರನ. ಹೇಳಿಲ್ಲ ಅನ್ನೂದಕ್ಕ ಏನ್ ಗುರ್ತು ಐತಿ?" ಎಂದು ಉಳಿವೆಪ್ಪ ಕೇಳಿದ.

ಬರೆದಿಟ್ಟ ಚೀಟಿ ಒಂದೂ ಇರಲಿಲ್ಲ. ಅಂದು ಕಚೇರಿಗೆ ಸೂಟಿ ಇದ್ದುದರಿಂದ ಚನ್ನವೀರಪ್ಪ ಅಲ್ಲೇ ಇದ್ದ. ಬಾಯಿಮಾತಿನ ಕರಾರೂ ಕರಾರೇ, ಆದರೆ ಒಬ್ಬರು ಒಂದು ಅಂದು ಇನ್ನೊಬ್ಬರು ಇನ್ನೊಂದು ಅಂದರೆ ಯಾರನ್ನು ನಂಬುವುದು ಎಂದು ಅವನು ಮೆಲ್ಲಗೆ ಹೇಳಿದ. ಗೆಳೆಯನನ್ನು ಹಂಗಿಸಲಿಲ್ಲ. ಗಾಜಿನ ಮೇಲೆ ಬರೆದ ಪೆನ್ಸಿಲು ಅಳಿಸಲು ಬರುತ್ತದೆಯೇ ಎಂದು ಮಾತ್ರ ಕೇಳಿದ.

ದಸ್ತಗೀರಸಾಬನಿಗೆ ಜೀವ ಬಂದಂತಾಯಿತು. ನೆಗೆಟಿವ್ ಹೊರತೆಗೆದು, ಎಲ್ಲರ ಎದುರಿಗೇ ಟರ್ಪಂಟೈನಿನಲ್ಲಿ ಅರಳೆ ಅದ್ದಿ ಗಾಜನ್ನು ಹಗುರಾಗಿ ಒರೆಸಿದ. ಅರಳೆ ಕಪ್ಪಾಯಿತು. ಆಮೇಲೆ ಇಬ್ಬರು ಹಿರಿಯರನ್ನೂ ಕತ್ತಲೆಕೋಣೆಯೊಳಗೆ ಕರೆದೊಯ್ದು ಬಾಗಿಲು ಹಾಕಿ, ಅದೇ ಗಾಜಿನಿಂದ ಹೊಸ ಪ್ರತಿ ಅಚ್ಚು ಹಾಕಿದ. ಕೆಂಪು ದೀಪದ ಬೆಳಕಲ್ಲಿ, ತಟ್ಟೆಯ ಔಷಧಿ ನೀರಿನೊಳಗೆ ಬಿಳಿ ಕಾಗದದ ಮೇಲೆ ಮೊದಲು ಕಣ್ಣು ಮೂಡಿದವು, ಆಮೇಲೆ ನಗು, ಆಮೇಲೆ ಗಲ್ಲದ ಕಲೆ. ಉಳಿವೆಪ್ಪ ಬಗ್ಗಿ ನೋಡಿದ.

"ಹುಡುಗಿ ಅದೇ ಹುಡುಗಿ ಐತಿ" ಎಂದ. ದನಿ ಇಳಿದಿತ್ತು.

ಆಗ ಲಕ್ಷ್ಮಪ್ಪ ತಡೆದು ತಡೆದು ಹೇಳಿದ. "ನಾ ಅಳಸ್ರಿ ಅಂದಿಲ್ಲ, ಖರೆ. ಆದ್ರ ಕಲೆ ಇಲ್ಲದ್ದು ನೋಡಿ ಸುಮ್ಮನಾದೆ. ಹೆತ್ತ ಜೀವ, ಆಸೆ ಆತು. ತಪ್ಪಾತ್ರಿ."

ಈ ಒಂದು ಮಾತು ಉಳಿವೆಪ್ಪನ ಸಿಟ್ಟನ್ನು ಇಳಿಸಿತು. ಹೊಸ ಫೋಟೋ ಒಣಗುವ ತನಕ ಕುಳಿತು, ಚಹಾ ಕುಡಿದು, ಮಗನಿಗೆ ತೋರಿಸುತ್ತೇನೆಂದು ಒಯ್ದ. ಮುಂದಿನ ವಾರ ರಟ್ಟೀಹಳ್ಳಿಯಿಂದ ಒಪ್ಪಿಗೆಯ ಸುದ್ದಿ ಬಂತು. ಹುಡುಗಿಯನ್ನು ನಾನು ಎದುರಿಗೇ ನೋಡಿದ್ದೇನೆ, ಫೋಟೋ ಹಿಡಿದುಕೊಂಡು ಸಿಟ್ಟಾದವನು ನಮ್ಮಪ್ಪ, ನಾನಲ್ಲ ಎಂದು ವರ ಹೇಳಿದನಂತೆ. ದಸ್ತಗೀರಸಾಬ ಆ ದಿನ ಪೇಟೆಗೆಲ್ಲ ಪೇಢೆ ಹಂಚಿದ.

ಪೇಢೆ ಬಾಯಲ್ಲಿರುವಾಗಲೇ ಚನ್ನವೀರಪ್ಪನ ಕೈಗೆ ಕಾಗದ ಕೊಟ್ಟು ಬರೆ ಎಂದ. ಎಷ್ಟು ಫೋಟೋ, ಯಾವಾಗ ಕೊಡುವುದು. ಮುಖದ ಮೇಲೆ ಏನು ತಿದ್ದಬೇಕು, ಏನು ತಿದ್ದಬಾರದು. ಗಾಜು ಒಡೆದರೆ ಅಥವಾ ಫೋಟೋ ಕೆಟ್ಟರೆ ಮುಂಗಡ ಮರಳಿಸಿ ಕೊಡುವುದೋ ಇನ್ನೊಮ್ಮೆ ತೆಗೆಯುವುದೋ. ಗಿರಾಕಿಯ ಒಪ್ಪಿಗೆ ಇಲ್ಲದೆ ಅಂಗಡಿಯ ಕಪಾಟಿನಲ್ಲಿ ಮಂದಿ ನೋಡುವಂತೆ ಅವರ ಫೋಟೋ ಇಡುವಂತಿಲ್ಲ. ಇಷ್ಟೇ ಬರೆದದ್ದು. ಓದಲು ಬಾರದವರಿಗೆ ಓದಿ ಹೇಳಿ ಹೆಬ್ಬಟ್ಟು ತೆಗೆದುಕೊಳ್ಳಬೇಕು, ಒಂದು ಪ್ರತಿ ಅವರಿಗೂ ಕೊಡಬೇಕು ಎಂದು ಚನ್ನವೀರಪ್ಪ ತಾಕೀತು ಮಾಡಿದ. ಚೀಟಿ ಇದೆ ಎಂದು ಕೆಲಸದಲ್ಲಿ ಸಡಿಲ ಬಿಟ್ಟರೆ ಚೀಟಿ ಕಾಪಾಡುವುದಿಲ್ಲ ಎಂದೂ ಹೇಳಿದ.

ಮದುವೆಯ ಮರುದಿನ ಕರೆವ್ವ ಗಂಡನೊಂದಿಗೆ ಜೋಡಿ ಫೋಟೋ ತೆಗೆಸಲು ಬಂದಳು. ಲಕ್ಷ್ಮಪ್ಪನೂ ಉಳಿವೆಪ್ಪನೂ ಜೊತೆಗಿದ್ದರು. ಚೀಟಿ ಮುಂದಿಟ್ಟರೆ ಇವರ ನಗು ಮಾಯವಾಗುತ್ತದೇನೋ ಎಂದು ದಸ್ತಗೀರಸಾಬ ಹಿಂಜರಿದ. ಉಳಿವೆಪ್ಪನೇ ಕೇಳಿ ಇಸಿದುಕೊಂಡು ಸೊಸೆಯ ಕೈಗೆ ಕೊಟ್ಟ. ನಾಲ್ಕನೇ ಇಯತ್ತೆ ಕಲಿತಿದ್ದ ಕರೆವ್ವ ಎಲ್ಲರಿಗೂ ಕೇಳುವಂತೆ ಓದಿದಳು. ತಿದ್ದುವ ಮಾತು ಬಂದಾಗ ತಲೆ ಎತ್ತಿದಳು.

"ಕಾಕಾ, ಏನೂ ತಿದ್ದೂದು ಬ್ಯಾಡ ಅಂತ ಬರೀರಿ. ನಾಳೆ ನನ್ನ ಮಕ್ಕಳು ಈ ಫೋಟೋ ನೋಡಿದ್ರ, ಇಕೀ ನಮ್ಮವ್ವ ಅಂತ ಗುರ್ತು ಹಿಡೀಬೇಕು."

ದಸ್ತಗೀರಸಾಬ ಹಾಗೆಯೇ ಬರೆದ. ಕರೆವ್ವ ಸಹಿ ಹಾಕಿದಳು, ಗಂಡನ ಪಕ್ಕ ಕುಳಿತಳು, ಮೊದಲಿಗಿಂತ ಚಂದ ನಕ್ಕಳು.

ಫೋಟೋ ಅಂಗಡಿ ನಡೆಸುವ ಅಣ್ಣಂದಿರೇ, ಉಪಕಾರ ಮಾಡುವ ಮೊದಲು ಗಿರಾಕಿಯನ್ನು ಕೇಳಿ, ಅವರು ಹೇಳಿದ್ದನ್ನು ಬರೆದುಕೊಳ್ಳಿ. ಫೋಟೋ ತೆಗೆಸುವ ಅಕ್ಕಂದಿರೇ, ಹಿರಿಯರೇ, ಚೀಟಿ ಕೊಡಿ ಎಂದು ನೀವೂ ಕೇಳಿ. ಅದು ಅಪನಂಬಿಕೆಯಲ್ಲ, ಇಬ್ಬರ ಮಾನಕ್ಕೂ ಕಾವಲು. ಎಲ್ಲರೂ ಕರೆವ್ವನಷ್ಟು ಅದೃಷ್ಟವಂತರಲ್ಲ, ಅಳಿಸಿದ್ದೆಲ್ಲ ಟರ್ಪಂಟೈನಿನಿಂದ ಮರಳಿ ಬರುವುದಿಲ್ಲ. ಸಹಿ ಮಾಡಿ, ಆಮೇಲೆ ನಿಶ್ಚಿಂತೆಯಿಂದ ಕ್ಯಾಮೆರಾ ಮುಂದೆ ಕುಳಿತುಕೊಳ್ಳಿ.