ನಡುಗಡ್ಡೆಯ ಮೇಲಿನ ಕೌದಿ

ಮಾನ್ವಿಯ ಕಾಲೇಜಿನಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಸುಮಧ್ವರಾಯರಿಗೆ ಎರಡೇ ಹುಚ್ಚು. ಒಂದು ಮಡಿ, ಇನ್ನೊಂದು ಹಾಯಿದೋಣಿ. ಮಡಿ ಮನೆತನದಿಂದ ಬಂದದ್ದು, ಹಾಯಿ ಹುಡುಗರಿದ್ದಾಗ ಹೋಗಿದ್ದ ಎನ್‌ಸಿಸಿ ನೌಕಾ ಶಿಬಿರದಿಂದ. ಮಡಿಯ ಹುಚ್ಚನ್ನು ಹೆಂಡತಿ ವೇದಶ್ರೀ ಮದುವೆಯಾದ ಲಾಗಾಯ್ತಿನಿಂದ ಸಹಿಸಿಕೊಂಡು ಬಂದಿದ್ದಳು. ಹಾಲಿನ ಪಾಕೀಟನ್ನು ಮೂರು ಸಲ ತೊಳೆಯಬೇಕು, ಕೊರಿಯರಿನವನು ಕೊಟ್ಟ ಡಬ್ಬಿಗೂ ನೀರು ಚಿಮುಕಿಸಬೇಕು, ಬಂದ ನೆಂಟರು ಬಾಗಿಲಲ್ಲೇ ಕಾಲು ತೊಳೆಯಬೇಕು. ಹಾಯಿಯ ಹುಚ್ಚು ಮಾತ್ರ ಹೊಸದು. ಗೂಗಲ್ ಎಂಬ ಹಳ್ಳಿಯ ಹತ್ತಿರ ಒಡ್ಡಿನ ಹಿಂದೆ ಕೃಷ್ಣೆಯ ನೀರು ಕೆರೆಯಂತೆ ನಿಂತದ್ದನ್ನು ನೋಡಿ, ದಂಡೆಯ ಮೇಲಿರುವ ಲಾಲ್ ಸಾಬನಿಂದ ಒಂದು ಹಳೆಯ ಫೈಬರ್ ದೋಣಿ ಕೊಂಡು, ರಾಯಚೂರಿನಲ್ಲಿ ಲಾರಿಗಳ ತಾಡಪಾಲು ಹೊಲಿಯುವವರ ಕೈಯಲ್ಲಿ ಹಾಯಿ ಹೊಲಿಸಿಕೊಂಡು ಬಂದಿದ್ದರು. ತಾಯಿ ತೀರಿಕೊಂಡು ಇನ್ನೂ ಆರು ತಿಂಗಳು. ವರ್ಷದೊಳಗೆ ಹಬ್ಬ ಮಾಡಬಾರದು, ಹೊಸ ಬಟ್ಟೆ ಉಡಬಾರದು. ಹಾಯಿದೋಣಿಯ ಮಾತು ಯಾವ ಗ್ರಂಥದಲ್ಲೂ ಇಲ್ಲವಾದ್ದರಿಂದ ಅದಕ್ಕೇನೂ ಅಡ್ಡಿಯಾಗಲಿಲ್ಲ.

ಆ ಭಾನುವಾರ ಬೆಳಿಗ್ಗೆ ಗಾಳಿ ಚೆನ್ನಾಗಿತ್ತು. ಹಾಯಿ ತುಂಬಿಕೊಂಡು ದೋಣಿ ತಾನಾಗಿಯೇ ಸಾಗುತ್ತಿತ್ತು, ರಾಯರು ಹಗ್ಗ ಹಿಡಿದು ಗುನುಗುತ್ತಿದ್ದರು. ವೇದಶ್ರೀಗೂ ಹಿತವೆನಿಸಿತು. ನೀರಿನ ಮೇಲೆ ತೊಳೆಯುವುದೇನೂ ಇರಲಿಲ್ಲವಲ್ಲ. ಆದರೆ ರಾಯರು ಸುಮ್ಮನಿರುವ ಜೀವವಲ್ಲ. ಹೊಸ ಕೆಲಸದವಳು ಪಾತ್ರೆಗೆ ಬೂದಿ ಬಿಟ್ಟು ಸೋಪು ಹಚ್ಚುತ್ತಾಳೆಂದು ದೂರಿ, ಏನೇ ಆಗಲಿ ಇವಳಾದರೂ ಕಳ್ಳಿಯಲ್ಲವಲ್ಲ ಎಂದುಬಿಟ್ಟರು. ವೇದಶ್ರೀಗೆ ಬೆಳಗಿನ ಹಿತವೆಲ್ಲ ಕೆಟ್ಟುಹೋಯಿತು.

ಕಳ್ಳಿಯೆಂದರೆ ತಿಮ್ಮವ್ವ. ಹದಿನೆಂಟು ವರ್ಷ ಆ ಮನೆಯ ಮುಸುರೆ ತಿಕ್ಕಿದವಳು. ಅತ್ತೆ ಅಹಲ್ಯಾಬಾಯಿ ಹಾಸಿಗೆ ಹಿಡಿದ ಎರಡು ವರ್ಷ ಮಲಮೂತ್ರ ಬಾಚಿದವಳೂ ಅವಳೇ. ಮಗನಿಗೆ ಅದೆಲ್ಲ ಮೈಲಿಗೆ. ಅತ್ತೆಯ ಕೊನೆಯ ಗಳಿಗೆಯಲ್ಲಿ ರಾಯರು ತಮ್ಮ ತಂದೆ ವಾದಿರಾಜಾಚಾರ್ಯರ ಬೆಳ್ಳಿಯ ಪಂಚಪಾತ್ರೆಯಿಂದ ಗಂಗೋದಕ ಬಿಟ್ಟಿದ್ದರು. ಸಂಧ್ಯಾವಂದನೆಯ ಆ ಪಾತ್ರೆ ಅಂದಿನಿಂದ ಕಾಣಲಿಲ್ಲ. ವೈಕುಂಠ ಸಮಾರಾಧನೆಯ ಮಾರನೆಯ ದಿನ ರಾಯರು ಕಟ್ಟೆಯ ಮೇಲೆ ನಿಂತು, ಓಣಿಯವರೆಲ್ಲ ನೋಡುತ್ತಿರುವಾಗ, ತಿಮ್ಮವ್ವನ ಚೀಲ ಝಾಡಿಸಲು ಹೇಳಿದರು. ಅವಳದನ್ನು ತಾವು ಮುಟ್ಟುವ ಹಾಗಿರಲಿಲ್ಲ. ಝಾಡಿಸಿದವಳು ವೇದಶ್ರೀ. ಎರಡು ಅಡಿಕೆ ಹೋಳು, ಸುಣ್ಣದ ಡಬ್ಬಿ, ಒಂದು ಬಸ್ ಟಿಕೀಟು ನೆಲಕ್ಕೆ ಬಿದ್ದವು. ಪಾತ್ರೆ ಸಿಗಲಿಲ್ಲವಾದರೂ ಹೆಸರು ನಿಂತುಬಿಟ್ಟಿತು. ಅವಳು ಕೆಲಸ ಮಾಡುತ್ತಿದ್ದ ಓಣಿಯ ಉಳಿದ ನಾಲ್ಕು ಮನೆಗಳೂ ಅವಳನ್ನು ಬಿಡಿಸಿದವು. ಅವಳು ಬಾಗಲವಾಡದ ತಂಗಿಯ ಮನೆ ಸೇರಿಕೊಂಡಳು. ಕದ್ದಿದ್ದಾಳೋ ಇಲ್ಲವೋ ಎಂದು ವೇದಶ್ರೀ ತನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದಳು. ಗಂಡನನ್ನು ಮಾತ್ರ ಒಮ್ಮೆಯೂ ಕೇಳಿರಲಿಲ್ಲ.

ನೀರಿನ ನಡುವೆ ಒಂದು ಸಣ್ಣ ನಡುಗಡ್ಡೆ ಕಂಡಿತು. ನಾಲ್ಕು ಜಾಲಿಗಿಡ, ಒಂದು ದೊಡ್ಡ ಬಂಡೆ, ಮೇಲೆ ಬಿಳಿ ಹಕ್ಕಿಗಳು. ದೂರದಿಂದ ಚಂದವೇ ಇತ್ತು. ಅಲ್ಲಿಳಿದು ಅವಲಕ್ಕಿ ತಿಂದು, ಅಡ್ಡಾಡಿ, ಬಿಸಿಲೇರುವ ಮುಂಚೆ ವಾಪಸು ಹೊರಳೋಣವೆಂದು ರಾಯರು ಹಾಯಿ ಇಳಿಸಿದರು.

ಕಾಲಿಟ್ಟ ಕೂಡಲೇ ವೇದಶ್ರೀ ಸೀರೆಯ ನೆರಿಗೆ ಮೇಲೆತ್ತಿ ಹಿಡಿದಳು. ನೀರು ಇಳಿದ ದಂಡೆಯ ತುಂಬ ಕಪ್ಪು ರಾಡಿ. ರಾಡಿಯಲ್ಲಿ ಊದಿಕೊಂಡ ಪ್ಲಾಸ್ಟಿಕ್ ಚೀಲಗಳು. ಒಂದು ಅವಳ ಹಿಮ್ಮಡಿಗೆ ಸಿಕ್ಕು ಒಡೆದು, ಒಳಗಿನ ಕೊಳೆತ ಹೂವು, ತುಳಸಿ ಲೋಳೆಯಾಗಿ ಬೆರಳ ಸಂದಿಯಲ್ಲಿ ಹೊರಬಂತು. ಯಾರದೋ ಮನೆಯ ದೇವರ ನಿರ್ಮಾಲ್ಯ. ಹುಳ ಬಿದ್ದ ತೆಂಗಿನ ಹೋಳು, ಗಾಜೊಡೆದ ದೇವರ ಪಟ, ಸತ್ತವರ ದಿಂಬು, ಸತ್ತವರ ಚಪ್ಪಲಿ, ಒಂದು ಹಲ್ಲಿನ ಸೆಟ್ಟು ಕೂಡ. ಎಲ್ಲದರ ಮೇಲೆ ಹಕ್ಕಿಗಳ ಹಿಕ್ಕೆ, ಎಲ್ಲದರಡಿ ಸತ್ತ ಮೀನಿನ ನಾತ. ಹೊಳೆಗೆ ಬಿಟ್ಟದ್ದು ಸಮುದ್ರ ಸೇರುತ್ತದೆಂದು ಜನ ಕೈಮುಗಿದು ತಿರುಗಿ ನೋಡದೆ ಮನೆಗೆ ಹೋಗುತ್ತಾರೆ. ಸಮುದ್ರವಂತೆ! ಎಲ್ಲವೂ ಎರಡು ಮೈಲಿ ತೇಲಿ ಬಂದು ಇಲ್ಲಿ ಕೊಳೆಯುತ್ತಿತ್ತು.

ರಾಯರು ಉತ್ತರೀಯದಿಂದ ಮೂಗು ಮುಚ್ಚಿಕೊಂಡು ಬಂಡೆಯ ಮೇಲೆ ಹತ್ತಿ ನಿಂತರು. ಜನಕ್ಕೆ ಶುಚಿ ಅನ್ನುವುದೇ ತಿಳಿಯದೆಂದು ಅಲ್ಲಿಂದಲೇ ಭಾಷಣ ಶುರುವಾಯಿತು. ಮಾತಿನ ನಡುವೆ ಅವಲಕ್ಕಿಯ ಡಬ್ಬಿಯನ್ನು ನೆಲಕ್ಕಿಡಬೇಡವೆಂದು ಹೆಂಡತಿಗೆ ತಾಕೀತು ಬೇರೆ.

ದೋಣಿಗೆ ಮರಳುತ್ತಿದ್ದ ವೇದಶ್ರೀಗೆ ಜಾಲಿಯ ಬೇರಿಗೆ ಸಿಕ್ಕಿಕೊಂಡಿದ್ದ ಒಂದು ಗಂಟು ಕಣ್ಣಿಗೆ ಬಿತ್ತು. ಮೇಲೆ ಕೆಂಪು ರಬ್ಬರ್ ಶೀಟು, ಹರಿದಲ್ಲಿ ಕೌದಿಯ ಮೂಲೆ. ಮೂಲೆಯಲ್ಲಿ ಹಸಿರು ಖಣದ ಮುಮ್ಮೂಲೆ ಕುಚ್ಚು. ಆ ಕುಚ್ಚನ್ನು ಅವಳು ಕಣ್ಣು ಮುಚ್ಚಿ ಗುರುತಿಸಬಲ್ಲಳು. ಅತ್ತೆಯ ಹಳೆಯ ಸೀರೆಗಳನ್ನು ಜೋಡಿಸಿ ತಿಮ್ಮವ್ವ ಹಿತ್ತಲಲ್ಲಿ ಕೂತು ಒಂದು ಬೇಸಿಗೆಯೆಲ್ಲ ಹೊಲಿದ ಕೌದಿ ಅದು.

ಹೆಣ ಎತ್ತಿದ ದಿನ ವೇದಶ್ರೀಗೆ ನೆನಪಾಯಿತು. ಹಾಸಿಗೆಯನ್ನು ಝಾಡಿಸಿ ಸುತ್ತುತ್ತೇನೆಂದು ತಿಮ್ಮವ್ವ ಮುಂದೆ ಬಂದಿದ್ದಳು. ಝಾಡಿಸಿದರೆ ಮೈಲಿಗೆ ಮನೆತುಂಬ ಹಾರುತ್ತದೆಂದು ರಾಯರು ಅವಳನ್ನು ತಡೆದು, ತಾವೇ ಒಂದು ಕೋಲಿನಿಂದ ಕೌದಿ, ದಿಂಬು ಎಲ್ಲವನ್ನೂ ರಬ್ಬರ್ ಶೀಟಿನೊಳಕ್ಕೆ ತಳ್ಳಿ, ಮುಖ ತಿರುಗಿಸಿಕೊಂಡು ಬಿಗಿದಿದ್ದರು. ಹತ್ತನೆಯ ದಿನ ಗೂಗಲ್ಲಿನ ದಂಡೆಯಲ್ಲಿ ಗಂಟು ಹೊಳೆಗೆ ಹೋಯಿತು.

ವೇದಶ್ರೀ ಮಂಡಿಯೂರಿ ಗಂಟು ಬಿಚ್ಚಿದಳು. ದಿಂಬಿನ ಮುಗ್ಗಿದ ಅರಳೆಯಿಂದ ಬಂದ ವಾಸನೆಗೆ ಬೆಳಗಿನ ಕಾಫಿ ಬಾಯಿಗೆ ಬಂತು. ಪಕ್ಕಕ್ಕೆ ಉಗುಳಿ ಮತ್ತೆ ಕೈ ಹಾಕಿದಳು. ಕೌದಿಯ ಮೂರನೆಯ ಮಡಿಕೆಯಲ್ಲಿ ಗಟ್ಟಿಯಾದದ್ದೊಂದು ಸಿಕ್ಕಿತು. ಇದ್ದಿಲಿನಷ್ಟು ಕಪ್ಪಾಗಿತ್ತು. ಸೆರಗಿನಿಂದ ತಿಕ್ಕಿದರೆ ಅಂಚಿನಲ್ಲಿ ಕೆತ್ತಿಸಿದ ಮಾವನ ಹೆಸರು ಎದ್ದು ಬಂತು.

ಅವಳು ಅದನ್ನು ಎತ್ತಿ ತೋರಿಸಿದಳು. ರಾಯರು ಬಂಡೆಯಿಂದ ಇಳಿಯಲಿಲ್ಲ. ಅಚ್ಚರಿಯನ್ನೂ ಪಡಲಿಲ್ಲ.

"ಅಲ್ಲೇ ಬಿಡು. ಹೊಳಿಗೆ ಬಿಟ್ಟಿದ್ದನ್ನ ಮತ್ತ ಮನಿಗೆ ಒಯ್ಯಬಾರದು," ಅಂದರು. "ಮೊದಲನೇ ಮಾಸಿಕದ ಹೊತ್ತಿಗೇ ನನಗ ಅನಿಸಿತ್ತು, ಹಾಸಿಗ್ಯಾಗ ಹೋಗಿರಬೇಕು ಅಂತ."

"ಅನಿಸಿತ್ತಾ? ಮತ್ತ ತಿಮ್ಮವ್ವ?"

"ಹೋದ ಮಾತು ಅದು. ಈಗ ಎತ್ತಿದ್ರ ನಮ್ಮ ಮರ್ಯಾದಿ ಹೋಗ್ತದ. ಅಕಿಗೆ ದೀಪಾವಳಿಗೆ ಒಂದು ಛಲೋ ಸೀರಿ ಕೊಟ್ಟರಾತು."

ವೇದಶ್ರೀ ಅವರನ್ನು ನೋಡಿದಳು. ಬೆಳ್ಳಗಿನ ಮಡಿಪಂಚೆ, ಹಣೆಯ ಮೇಲೆ ಅಂಗಾರ, ಅಕ್ಷತೆ, ಮೂಗಿಗೆ ಉತ್ತರೀಯ. ಆ ಇಡೀ ನಡುಗಡ್ಡೆಯಲ್ಲಿ ಅವಳಿಗೆ ಅವರಷ್ಟು ಹೇಸಿಗೆಯಾದದ್ದು ಬೇರೆ ಕಾಣಲಿಲ್ಲ. ಐದು ತಿಂಗಳಿಂದ ಗೊತ್ತಿದ್ದೂ ಈ ಮನುಷ್ಯ ಉಂಡಿದ್ದಾನೆ, ಮಲಗಿದ್ದಾನೆ, ಇವತ್ತು ಬೆಳಿಗ್ಗೆ ಕೂಡ ತಿಮ್ಮವ್ವನನ್ನು ಕಳ್ಳಿ ಅಂದಿದ್ದಾನೆ. ತನ್ನ ಕೈ ನೋಡಿಕೊಂಡಳು. ಚೀಲ ಝಾಡಿಸಿದ ಕೈ ಅದೇ. ರಾಡಿ ಮೆತ್ತಿದ್ದಕ್ಕೆ ಅಸಹ್ಯವೆನಿಸಲಿಲ್ಲ, ಆ ನೆನಪಿಗೆ ಅಸಹ್ಯವೆನಿಸಿತು.

ವಾಪಸು ಬರುವಾಗ ಗಾಳಿ ಬಿದ್ದುಹೋಯಿತು. ಹಾಯಿ ಜೋತುಬಿದ್ದಿತು, ರಾಯರು ಹುಟ್ಟು ಹಾಕಬೇಕಾಯಿತು. ಕೌದಿ, ಪಾತ್ರೆ ಎರಡನ್ನೂ ಮಡಿಲಲ್ಲಿಟ್ಟುಕೊಂಡು ಅವಳು ನಡುವೆ ಕೂತಿದ್ದರೆ, ಅವರು ತುದಿಯಲ್ಲಿ ಮುದುಡಿಕೊಂಡು, ಎಲ್ಲಿ ತಾಕೀತೋ ಎಂದು ಅರ್ಧ ಹುಟ್ಟು ಹಾಕುತ್ತಿದ್ದರು. ದೋಣಿ ಸುತ್ತು ಹೊಡೆಯಿತು. ಅವಲಕ್ಕಿಯನ್ನು ಯಾರೂ ಕೇಳಲಿಲ್ಲ. ದಂಡೆಯಲ್ಲಿ ಲಾಲ್ ಸಾಬ ಕೈಕಾಲಿಗೆ ನೀರು ತಂದುಕೊಟ್ಟ. ರಾಯರು ಮೂರು ಕೊಡ ಸುರಿದುಕೊಂಡರು. ವೇದಶ್ರೀ ಬೇಡವೆಂದಳು. ಕಾರು ತಿಮ್ಮವ್ವನಿರುವ ಬಾಗಲವಾಡಕ್ಕೆ ಹೋಗಬೇಕು, ಇಲ್ಲವಾದರೆ ತಾನು ಹೀಗೇ ಬಸ್ಸಿಗೆ ಹೋಗುತ್ತೇನೆಂದಳು. ಆ ಅವತಾರದಲ್ಲಿ ಹೆಂಡತಿ ಬಸ್ಸು ಹತ್ತುವುದಕ್ಕಿಂತ ಬಾಗಲವಾಡವೇ ವಾಸಿಯೆಂದು ರಾಯರಿಗೆ ಅನಿಸಿರಬೇಕು.

ತಿಮ್ಮವ್ವ ತಂಗಿಯ ಮನೆಯಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಸೊರಗಿ ಬಡವಾಗಿದ್ದಳು. ಕೌದಿಯನ್ನು ನೋಡಿ ಎದ್ದು ನಿಂತಳು, ಪಾತ್ರೆಯನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು. ವೇದಶ್ರೀ ಎಲ್ಲವನ್ನೂ ಹೇಳಿದಳು. ಗಂಡನಿಗೆ ಮೊದಲೇ ಗೊತ್ತಿದ್ದದ್ದನ್ನೂ ಬಚ್ಚಿಡಲಿಲ್ಲ. ತಪ್ಪಾಯಿತೆಂದು ಪಾತ್ರೆಯನ್ನು ಮುಂದೆ ಹಿಡಿದಳು.

"ನಾ ಮುಟ್ಟಂಗಿಲ್ರೀ ಬಾಯಾರ," ಅಂದಳು ತಿಮ್ಮವ್ವ. "ಮುಟ್ಟಿದ್ರ ಮತ್ತ ಚೀಲ ಝಾಡಸ್ತೀರಿ."

ವೇದಶ್ರೀ ಪಾತ್ರೆಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಇಲ್ಲಿ ಬಂದು ಹೇಳಿದ್ರ ಏನಾತ್ರಿ? ಈ ಊರಾಗ ನನ್ನ ಯಾರೂ ಕಳ್ಳಿ ಅಂದಿಲ್ಲ. ಅಂದಿದ್ದು ನಿಮ್ಮ ಓಣ್ಯಾಗ."

ರಾಯರು ಕಾರಿನಲ್ಲೇ ಕೂತಿದ್ದರು, ಗಾಜು ಏರಿಸಿಕೊಂಡು. ವೇದಶ್ರೀ ಹೋಗಿ ಬಾಗಿಲು ತೆರೆದು ಆ ಕಪ್ಪು ಪಾತ್ರೆಯನ್ನು ಅವರ ಮಡಿಪಂಚೆಯ ಮೇಲೆ ಇಟ್ಟಳು. ಅವರು ಎರಡೂ ಕೈ ಮೇಲೆತ್ತಿದರು.

"ಮಾನ್ವಿತನಕ ಅಲ್ಲೇ ಇರ್ಲಿ," ಅಂದಳು. "ಕಟ್ಟಿ ಮ್ಯಾಲೆ ನಿಂತು ಓಣಿಗೆಲ್ಲ ನೀವ ಹೇಳಬೇಕು. ಹೇಳೂತನಕ ನೀವು ಸ್ನಾನ ಮಾಡೂಹಂಗಿಲ್ಲ, ನಾನೂ ಮಾಡಂಗಿಲ್ಲ."

ತಿಮ್ಮವ್ವ ಒಳಗೆ ಹೋಗಿ ಸೆರಗು ಸರಿಮಾಡಿಕೊಂಡು ಬಂದಳು. ಹೆಗಲಿಗೆ ಅದೇ ಚೀಲವಿತ್ತು. ಕಾರು ಹತ್ತುವ ಮುಂಚೆ ಅದನ್ನು ವೇದಶ್ರೀಯ ಮುಂದೆ ಬೋರಲು ಹಿಡಿದು ಎರಡು ಸಲ ಝಾಡಿಸಿದಳು. ಒಂದು ಅಡಿಕೆ ಹೋಳೂ ಬೀಳಲಿಲ್ಲ. ಆಮೇಲೆ ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು.